ಅಂಟಿಲ್ಲದ ಹಿಟ್ಟು

ಹಸಿವು ರುಚಿಯನ್ನರಿಯದು ಎಂಬ ಮಾತುಂಟು. ದೊಡ್ಡವರ ಹಸಿವಿನ ಮಟ್ಟಿಗೆ ಅದು ನಿಜವಿದ್ದೀತು. ಮಕ್ಕಳ ಹಸಿವಿನ ಮಟ್ಟಿಗೆ ನಿಜವಲ್ಲ. ಮಗುವಿಗೆ ಬೇಕಾದುದು ಬರಿಯ ಆಹಾರವಲ್ಲ, ಪಕ್ಕದಲ್ಲಿ ಕುಳಿತ ಮಗು ತಿನ್ನುತ್ತಿರುವ ಆಹಾರ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನಾನು ಈ ಸಣ್ಣ ಸತ್ಯವನ್ನು ಕಲಿತದ್ದು ನಿವೃತ್ತನಾದ ಮೇಲೆ, ನನ್ನ ಮೊಮ್ಮಗಳಿಂದ.

ಆಕೆಗೆ ಆಗ ಏಳು ವರ್ಷ. ಎರಡು ವರ್ಷಗಳಿಂದ ಬೆಳವಣಿಗೆ ನಿಂತಂತಾಗಿತ್ತು. ಹೊಟ್ಟೆಯುಬ್ಬರ, ಮತ್ತೆ ಮತ್ತೆ ಭೇದಿ, ಬಿಳಿಚಿದ ಮುಖ. ಜಂತಿನ ಔಷಧ, ಕಬ್ಬಿಣದ ಟಾನಿಕ್ಕು, ದೇವರಿಗೆ ಹರಕೆ ಎಲ್ಲವೂ ಆದವು. ಮೈಯಲ್ಲಿ ಶಕ್ತಿ ಬರಲೆಂದು ಗೋಧಿಯ ಗಂಜಿಯನ್ನೂ ತುಪ್ಪ ಸವರಿದ ಚಪಾತಿಯನ್ನೂ ಹೆಚ್ಚು ಹೆಚ್ಚಾಗಿ ತಿನ್ನಿಸಿದೆವು. ಕಡೆಗೊಬ್ಬ ವೈದ್ಯರು ರಕ್ತವನ್ನೂ ಸಣ್ಣ ಕರುಳಿನ ಒಂದು ತುಣುಕನ್ನೂ ಪರೀಕ್ಷೆ ಮಾಡಿಸಿ, ಇದು ಸೀಲಿಯಾಕ್ ಎಂಬ ಕಾಯಿಲೆ, ಗೋಧಿಯನ್ನು ಜೀವಮಾನವಿಡೀ ಬಿಡಬೇಕು, ಬೇರೆ ಮದ್ದಿಲ್ಲ ಎಂದರು. ಪ್ರೀತಿಯಿಂದ ನಾವು ಉಣಿಸಿದ ತುತ್ತೇ ಆಕೆಯ ಕರುಳನ್ನು ತಿನ್ನುತ್ತಿತ್ತೆಂದು ತಿಳಿದ ಆ ರಾತ್ರಿ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ.

ಗೋಧಿಯಲ್ಲಿರುವ ಆ ದೋಷವಾದರೂ ಏನು? ಕಣಕವನ್ನು ನಾದಿ ನೀರಿನಲ್ಲಿ ತೊಳೆಯುತ್ತ ಹೋದರೆ ಪಿಷ್ಟವೆಲ್ಲ ಬಿಳಿ ನೀರಾಗಿ ಹರಿದು, ಕೈಯಲ್ಲಿ ರಬ್ಬರಿನಂಥ ಮುದ್ದೆಯೊಂದು ಉಳಿಯುತ್ತದೆ. ಅದೇ ಗ್ಲುಟೆನ್. ಇಟಲಿಯ ಬೊಲೋನ್ಯದ ಬೆಕ್ಕಾರಿ ಎಂಬ ವಿದ್ವಾಂಸ ಇದನ್ನು ಬೇರ್ಪಡಿಸಿದ ವಿವರ 1745ರಲ್ಲಿ ಅಚ್ಚಾಯಿತು. ಚಪಾತಿ ಹರಿಯದೆ ಲಟ್ಟಣಿಗೆಗೆ ಒಗ್ಗುವುದೂ ಬ್ರೆಡ್ಡು ಗಾಳಿಯನ್ನು ತನ್ನೊಳಗೆ ಹಿಡಿದು ಉಬ್ಬುವುದೂ ಈ ಅಂಟಿನಿಂದಲೇ. ಜಗತ್ತಿನ ಬಹುಪಾಲು ಜನರಿಗೆ ಇದರಿಂದ ಯಾವ ಕೇಡೂ ಇಲ್ಲ. ಆದರೆ ಕೆಲವರ ದೇಹ ಇದನ್ನು ಶತ್ರುವೆಂದು ಭಾವಿಸಿ ಹೋರಾಡತೊಡಗುತ್ತದೆ. ಆ ಯುದ್ಧದಲ್ಲಿ ಹಾಳಾಗುವುದು ಅನ್ನರಸವನ್ನು ಹೀರಬೇಕಾದ ಸ್ವಂತ ಕರುಳೇ.

ಈ ಕಾಯಿಲೆಯನ್ನು ಲಂಡನ್ನಿನ ಸ್ಯಾಮ್ಯುಯೆಲ್ ಗೀ 1888ರಲ್ಲಿ ಸ್ಪಷ್ಟವಾಗಿ ವರ್ಣಿಸಿದ್ದರೂ, ಅಪರಾಧಿ ಗೋಧಿಯೆಂದು ಗೊತ್ತಾಗಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು. ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆಗೆ ಯುದ್ಧಕ್ಕೆ ಮೊದಲೇ ಗೋಧಿಯ ಮೇಲೆ ಗುಮಾನಿಯಿತ್ತು. 1944-45ರ ಚಳಿಗಾಲದಲ್ಲಿ ಆ ದೇಶ ಉಪವಾಸ ಬಿತ್ತು, ಬ್ರೆಡ್ಡು ಕಾಣದಾಯಿತು. ಊರೆಲ್ಲ ಸೊರಗುತ್ತಿದ್ದಾಗ ಈ ರೋಗದ ಮಕ್ಕಳು ಚೇತರಿಸಿಕೊಂಡದ್ದನ್ನೂ, ಬ್ರೆಡ್ಡು ಮರಳಿ ಬಂದಾಗ ಮತ್ತೆ ಹಾಸಿಗೆ ಹಿಡಿದದ್ದನ್ನೂ ಅವನು ಕಂಡ. 1950ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದ ಪ್ರಬಂಧದಲ್ಲಿ ತನ್ನ ನಿರ್ಣಯವನ್ನು ಮಂಡಿಸಿದ. ಗೋಧಿಯ ಜೊತೆಗೆ ಬಾರ್ಲಿ, ರೈಗಳೂ ವರ್ಜ್ಯವೆಂದು ಇಂದು ಸಿದ್ಧವಾಗಿದೆ.

ಇದನ್ನೆಲ್ಲ ಓದಿಕೊಂಡಾಗ ನನ್ನಲ್ಲಿ ಒಂದು ಬಗೆಯ ಅಹಂಕಾರವೇ ಮೂಡಿತೆಂದು ಒಪ್ಪಿಕೊಳ್ಳುತ್ತೇನೆ. ಗೋಧಿಯಿಲ್ಲದೆ ರೊಟ್ಟಿಯಿಲ್ಲವೆಂದು ಯೂರೋಪಿನವರು ಕೊರಗಲಿ. ಧಾರವಾಡದವನಿಗೇಕೆ ಆ ಚಿಂತೆ? ನಮ್ಮ ಹೆಣ್ಣುಮಕ್ಕಳು ಅಂಟಿಲ್ಲದ ಹಿಟ್ಟನ್ನು ಆಳುವ ವಿದ್ಯೆಯನ್ನು ಎಂದಿನಿಂದಲೋ ಬಲ್ಲರು. ಕುದಿಯುವ ನೀರನ್ನು ಹಿಟ್ಟಿನ ನಡುವೆ ಸುರಿದಾಗ ಪಿಷ್ಟ ಬೆಂದು ತಾನೇ ಅಂಟಾಗುತ್ತದೆ. ಆ ಜಿಗುಟು ಆರುವ ಮೊದಲೇ ನಾದಿ, ಅಂಗೈಯಿಂದ ಬಡಿಬಡಿದು, ಚಂದ್ರನಂತೆ ತೆಳ್ಳಗಾದ ರೊಟ್ಟಿಯನ್ನು ಹರಿಯದಂತೆ ಎತ್ತಿ ಹಂಚಿಗೆ ಹಾಕಿ ಮೇಲೆ ನೀರು ಸವರುತ್ತಾರೆ. ಹಳೆಯ ಹಿಟ್ಟಾದರೆ ಜಿಗಿ ಬಿಟ್ಟಿದೆಯೆಂದು ಬೆರಳ ತುದಿಯೇ ಅವರಿಗೆ ಹೇಳುತ್ತದೆ. ಮೈಸೂರು ಸೀಮೆಯ ರಾಗಿರೊಟ್ಟಿ, ಮಲೆನಾಡಿನ ಅಕ್ಕಿರೊಟ್ಟಿಗಳ ಮರ್ಮವೂ ಇಂಥದೇ. ರಾಮಧಾನ್ಯಚರಿತೆಯಲ್ಲಿ ಕನಕದಾಸರು ರಾಗಿಗೂ ಭತ್ತಕ್ಕೂ ವ್ಯಾಜ್ಯ ಹೂಡಿಸಿ ರಾಗಿಯನ್ನು ಗೆಲ್ಲಿಸಿದರು. ನಮ್ಮ ಮನೆಯ ವ್ಯಾಜ್ಯದಲ್ಲಿ ವಾದಿ ಪ್ರತಿವಾದಿಗಳಿಬ್ಬರೂ ಒಂದೇ ಪಕ್ಷಕ್ಕೆ ಬಂದು ನಿಂತರೆಂದು ನಾನು ಸಂತೋಷಪಟ್ಟೆ.

ಆ ಸಂತೋಷ ಮೂರು ವಾರ ಬಾಳಿತು. ಬರಿಯ ಜೋಳದ ರೊಟ್ಟಿ ಉಂಡರೂ ಮಗುವಿಗೆ ಮತ್ತೆ ಹೊಟ್ಟೆನೋವು ಬಂದಿತು. ನಮಗೆ ದಿಕ್ಕು ತೋಚಲಿಲ್ಲ. ಒಂದು ದಿನ ಹಿಟ್ಟು ಬೀಸಿಸಲು ನಾನೇ ಗಿರಣಿಗೆ ಹೋಗಿ ನಿಂತೆ. ನನ್ನ ಮುಂದಿದ್ದವರ ಗೋಧಿ ಮುಗಿಯಿತು. ಅದೇ ಕಲ್ಲಿಗೆ, ಅದೇ ಬಾಯಿಗೆ, ನಮ್ಮ ಜೋಳ ಬಿದ್ದಿತು. ಮೊದಲು ಉದುರಿದ ಹಿಡಿ ಹಿಟ್ಟು ಜೋಳದ್ದಾಗಿರಲಿಲ್ಲ. ನಾನು ಸಂಗತಿಯನ್ನು ವಿವರಿಸಿದಾಗ ಗಿರಣಿಯವನು ನೊಂದುಕೊಂಡು, "ಮಾಸ್ತರ್ರ, ಒಂದು ಚಿಟಿಕಿ ಹಿಟ್ಟು ಕೂಸಿಗೆ ಏನು ಮಾಡೀತ್ರಿ?" ಎಂದ. ಅವನ ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಲೆಕ್ಕದಲ್ಲಿದೆ. ಗ್ಲುಟೆನ್ ಇಲ್ಲದ್ದೆಂದು ಹೇಳಿಕೊಳ್ಳುವ ಆಹಾರದಲ್ಲಿ ಒಂದು ಕಿಲೋಗ್ರಾಮಿಗೆ 20 ಮಿಲಿಗ್ರಾಮಿಗಿಂತ ಹೆಚ್ಚು ಗ್ಲುಟೆನ್ ಇರಕೂಡದೆಂದು ಅಂತರರಾಷ್ಟ್ರೀಯ ಆಹಾರ ನಿಯಮ. ಗೋಧಿಹಿಟ್ಟಿನಲ್ಲಿ ಸುಮಾರು ಹತ್ತನೆಯ ಒಂದು ಪಾಲು ಗ್ಲುಟೆನ್ನೇ. ಹಾಗಾದರೆ ಒಂದು ಕಿಲೋ ಜೋಳದ ಹಿಟ್ಟನ್ನು ಕೆಡಿಸಲು ಕಾಲು ಗ್ರಾಮು ಗೋಧಿಹಿಟ್ಟು, ಅವನು ಹೇಳಿದ ಆ ಒಂದು ಚಿಟಿಕೆಯೇ, ಸಾಕು.

ಹಿಟ್ಟಿನ ಚಿಂತೆ ಹೀಗಿರುವಾಗ ಒಂದು ಸಂಜೆ ಮಗು ಶಾಲೆಯಿಂದ ಬಂದು, "ಅಜ್ಜಾ, ನಂಗೂ ಎಲ್ಲಾರಂಗ ಬ್ರೆಡ್ ಬೇಕು" ಎಂದಳು. ಜೋಳದ ರೊಟ್ಟಿಯ ಹಿರಿಮೆಯನ್ನು ಕುರಿತು ನಾನೊಂದು ಉಪನ್ಯಾಸವನ್ನೇ ಕೊಟ್ಟೆ. ಆಕೆ ಮರುಮಾತಾಡದೆ ಎದ್ದುಹೋದಳು. ಅಜ್ಜಂದಿರ ಉಪನ್ಯಾಸಗಳಿಗೆ ಅದಕ್ಕಿಂತ ಸರಿಯಾದ ವಿಮರ್ಶೆಯಿಲ್ಲ. ಆಕೆ ಕೇಳಿದ್ದು ಬುತ್ತಿ ಬಿಚ್ಚುವ ಹೊತ್ತಿನಲ್ಲಿ ಗೆಳತಿಯರ ಸಾಲಿನಲ್ಲಿ ಒಬ್ಬಳಾಗಿ ಕೂರುವ ಅಧಿಕಾರವನ್ನು. ಅದನ್ನು ಸಂಸ್ಕೃತಿಯ ಹೆಸರಿನಲ್ಲಿ ನಿರಾಕರಿಸಲು ನಾನಾರು?

ಬ್ರೆಡ್ಡಿನ ಪ್ರಯೋಗ ಆರಂಭವಾಯಿತು. ಮೊದಲನೆಯದು ಇಟ್ಟಿಗೆಯಾಯಿತು; ಎರಡನೆಯದು ಒಳಗೆ ಹಸಿಯಾಗಿ ಹೊರಗೆ ಕರಿದಾಯಿತು. ನಾನು ಕೈಚೆಲ್ಲಿ ಕುಳಿತಾಗ ನನ್ನ ಹೆಂಡತಿ, "ಇಡ್ಲಿ ಉಬ್ಬೂದಿಲ್ಲೇನ್ರಿ? ಅದರಾಗ ಗೋಧಿ ಎಲ್ಲಿ ಐತ್ರಿ?" ಎಂದಳು. ಇಡ್ಲಿಯಲ್ಲಿ ಗಾಳಿಯನ್ನು ಹಿಡಿಯುವುದು ಉದ್ದಿನ ಲೋಳೆ. ಬ್ರೆಡ್ಡಿಗೂ ಒಂದು ಲೋಳೆ ಬೇಕು. ಅದು ಇಸಬಗೋಲಿನ ಸಿಪ್ಪೆಯಲ್ಲಿ ಸಿಕ್ಕಿತು. 20 ಗ್ರಾಮು ಸಿಪ್ಪೆಯನ್ನು 380 ಮಿಲಿಲೀಟರು ಉಗುರುಬೆಚ್ಚನೆಯ ನೀರಿನಲ್ಲಿ ನೆನೆಯಿಟ್ಟು, ಅದು ಗಟ್ಟಿ ಲೋಳೆಯಾದ ಮೇಲೆ ಅಕ್ಕಿಹಿಟ್ಟು, ಜೋಳದ ಹಿಟ್ಟು ತಲಾ 150 ಗ್ರಾಮು, ಮೆಕ್ಕೆಜೋಳದ ಪಿಷ್ಟ 50 ಗ್ರಾಮು, ಒಂದು ಚಮಚೆ ಈಸ್ಟು, ಉಪ್ಪು, ಸಕ್ಕರೆ, ತುಸು ಎಣ್ಣೆ ಸೇರಿಸಿ ಕಲಸಬೇಕು. ಒಂದು ಗಂಟೆ ಉಬ್ಬಲು ಬಿಟ್ಟು, 200 ಡಿಗ್ರಿ ಶಾಖದಲ್ಲಿ ಹೆಚ್ಚು ಕಡಿಮೆ ಒಂದು ಗಂಟೆ ಬೇಯಿಸಿ, ಪೂರ್ತಿ ಆರುವ ತನಕ ಚಾಕು ಮುಟ್ಟಿಸಕೂಡದು. ಎಲ್ಲಕ್ಕಿಂತ ಕಷ್ಟವಾದುದು ಈ ಕೊನೆಯ ವಿಧಿ. ಅಂಗಡಿಯ ಬ್ರೆಡ್ಡಿನ ಮೃದುತ್ವ ಇದಕ್ಕಿಲ್ಲ, ಮರುದಿನಕ್ಕೆ ಬಿರುಸಾಗುತ್ತದೆ. ಆದರೂ ಅದು ಬ್ರೆಡ್ಡು; ಹೋಳಾಗುತ್ತದೆ, ಬೆಣ್ಣೆಯನ್ನು ಹೊರುತ್ತದೆ.

ಇಷ್ಟು ಹೇಳಿದ್ದು ಪಾಕಶಾಸ್ತ್ರಕ್ಕಾಗಿ ಅಲ್ಲ. ಗೋಧಿಯಿಲ್ಲದ ರೊಟ್ಟಿ ಒಲೆಯ ಮುಂದೆ ಹುಟ್ಟುವುದಿಲ್ಲ, ಗಿರಣಿಯಲ್ಲಿ ಹುಟ್ಟುತ್ತದೆ ಎಂಬುದು ನನ್ನ ಅಭಿಪ್ರಾಯದ ತಿರುಳು. ತಾಯಿಯ ಕೈ ಎಷ್ಟೇ ಪಳಗಿದ್ದರೂ ಹಿಟ್ಟು ಶುದ್ಧವಿಲ್ಲದಿದ್ದರೆ ಆ ಕೈ ಸೋಲುತ್ತದೆ. 2023ನೆಯ ವರ್ಷವನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿತು, ಸಭೆಗಳಾದವು, ಮೇಳಗಳಾದವು. ಆದರೆ ಜೋಳವನ್ನು ಜೋಳವಾಗಿಯೇ ಬೀಸಿಕೊಡುವ, ಗೋಧಿ ಸೋಕದ ಗಿರಣಿಯೊಂದು ನನ್ನ ಓಣಿಯ ಸುತ್ತಮುತ್ತ ಆಗಲೂ ಇರಲಿಲ್ಲ, ಈಗಲೂ ಇಲ್ಲ. ನಾವು ಸಾಲ ಮಾಡಿ ಮನೆಗೊಂದು ಚಿಕ್ಕ ಗಿರಣಿ ತಂದೆವು. ಎಲ್ಲರಿಗೂ ಇದು ಸಾಧ್ಯವೆ? ಪಟ್ಟಣಕ್ಕೊಂದಾದರೂ ಇಂಥ ಗಿರಣಿಯನ್ನು ಸಹಕಾರ ಸಂಘಗಳೋ ಪುರಸಭೆಗಳೋ ನಡೆಸಬಾರದೇಕೆ?

ಉಳಿದವರಿಂದ ಬೇಕಾದುದು ಖರ್ಚಿಲ್ಲದ ಉಪಕಾರ. "ಒಂದು ಚೂರು ತಿಂದರೆ ಏನಾದೀತು" ಎಂಬ ಉಪಚಾರದ ಮಾತನ್ನು ಬಿಡಬೇಕು. ನಾವು ನಿತ್ಯ ಒಗ್ಗರಣೆಗೆ ಹಾಕುವ ಇಂಗಿಗೆ ಮೈದಾಹಿಟ್ಟು ಬೆರೆಸಿರುವುದುಂಟು. ಕೊಳ್ಳುವ ಮುನ್ನ ಡಬ್ಬಿಯ ಮೇಲಿನ ಬರಹವನ್ನು ಓದಬೇಕು. ಇದು ದಕ್ಷಿಣದಲ್ಲಿ ಉತ್ತರಕ್ಕಿಂತ ವಿರಳವಾದ ಕಾಯಿಲೆ. ವಿರಳವಾದುದರಿಂದಲೇ ಯಾರಿಗೂ ಬೇಗ ಹೊಳೆಯುವುದಿಲ್ಲ. ತರಗತಿಯಲ್ಲಿ ಬೆಳೆಯದೆ ಬಿಳಿಚಿಕೊಂಡು ಕುಳಿತ ಮಗುವನ್ನು ಕಂಡರೆ ಶಿಕ್ಷಕರು ಇದನ್ನೊಮ್ಮೆ ನೆನೆಯಲಿ. ಆದರೆ ಕೇವಲ ಸಂದೇಹದಿಂದಲೋ ಫ್ಯಾಷನ್ನಿನಿಂದಲೋ ಪರೀಕ್ಷೆಗೆ ಮೊದಲೇ ಗೋಧಿ ಬಿಡುವುದು ತಪ್ಪು. ಬಿಟ್ಟರೆ ರಕ್ತಪರೀಕ್ಷೆಯೂ ದಿಕ್ಕು ತಪ್ಪಿಸುತ್ತದೆ. ಕಾಯಿಲೆಯಿಲ್ಲದವರ ಶೋಕಿ ಕಾಯಿಲೆಯುಳ್ಳವರ ಕಷ್ಟವನ್ನು ನಗೆಪಾಟಲು ಮಾಡುತ್ತದೆ.

ಈಗ ಮೊಮ್ಮಗಳಿಗೆ ಒಂಬತ್ತು. ಬಾಗಿಲ ಚೌಕಟ್ಟಿನ ಮೇಲೆ ಆಕೆಯ ಎತ್ತರದ ಗೆರೆಗಳು ಮೇಲೇರುತ್ತಿವೆ. ನಮ್ಮ ಚಿಕ್ಕ ಗಿರಣಿಯಲ್ಲಿ ಬೀಸಿಕೊಳ್ಳಲು ಇದೇ ಕಾಯಿಲೆಯ ಇನ್ನೊಂದು ಮಗುವಿನ ತಾಯಿಯೂ ಪ್ರತಿ ಭಾನುವಾರ ಬರುತ್ತಾರೆ. ಕಳೆದ ವಾರ ಬುತ್ತಿಯ ಬ್ರೆಡ್ಡು ಪೂರಾ ಖಾಲಿಯಾಗಿ ಬಂದಿತ್ತು. ನೀನೇ ಎಲ್ಲ ತಿಂದೆಯಾ ಎಂದು ಕೇಳಿದೆ. ಅರ್ಧ ಮಾತ್ರ, ಉಳಿದದ್ದನ್ನು ಗೆಳತಿಯರು ಬೇಡಿ ತಿಂದರಂತೆ.