ಅಡ್ಡರಸ್ತೆಯೆಂಬ ಅಡ್ಡದಾರಿ

ಮಲ್ಲೇಶ್ವರ, ಬಸವನಗುಡಿಗಳನ್ನು 1890ರ ದಶಕದಲ್ಲಿ ಗೆರೆಯೆಳೆದು ಬಿಡಿಸಿದವರು ಬೀದಿಗಳನ್ನು ಚೌಕಾಬಾರದ ಮನೆಗಳಂತೆ ಹೆಣೆದರು. 1898ರಲ್ಲಿ ಪ್ಲೇಗು ಬೆಂಗಳೂರನ್ನು ಹೊಕ್ಕಮೇಲೆ ಇಕ್ಕಟ್ಟಿನ ಪೇಟೆಯನ್ನು ತೊರೆದ ಸಂಸಾರಗಳು ಗಾಳಿ ಬೆಳಕುಗಳನ್ನು ಅರಸಿ ಇಲ್ಲಿಗೆ ಬಂದವು. ಆದರೆ ವಾಚಕರೇ, ಗಾಳಿ ಬರಲೆಂದು ತೆರೆದಿಟ್ಟ ಆ ಬೀದಿಗಳಲ್ಲಿ ಈಗ ನುಗ್ಗಿ ಬರುತ್ತಿರುವುದು ಗಾಳಿಯಲ್ಲ, ಗಾಡಿ!

ಮೇನ್ ರೋಡಿನಲ್ಲಿ ದೀಪ ಕೆಂಪಾದೊಡನೆಯೇ ಕಾರೊಂದು ಕ್ರಾಸಿನೊಳಕ್ಕೆ ನುಸುಳುತ್ತದೆ. ಅದರ ಬೆನ್ನಿಗೆ ಸ್ಕೂಟರುಗಳ ಹಿಂಡು. ಹಿಂದೆ ಇಂತಹ ಒಳದಾರಿಗಳು ಬಡಾವಣೆಯವರಿಗೂ ನುರಿತ ಆಟೋ ಚಾಲಕರಿಗೂ ಮಾತ್ರ ತಿಳಿದಿದ್ದವು. ಇಂದು ಅಂಗೈಯ ಫೋನು ಪರಸ್ಥಳದವನಿಗೂ ‘ಇಲ್ಲಿ ಬಲಕ್ಕೆ ತಿರುಗು’ ಎಂದು ಉಪದೇಶಿಸುತ್ತದೆ. ಉಳಿಯುವ ನಿಮಿಷಗಳ ಲೆಕ್ಕ ಅದಕ್ಕೆ ಗೊತ್ತು. ಆ ತಿರುವಿನಲ್ಲಿ ಹುಡುಗರು ಚೆಂಡಾಡುವುದಾಗಲಿ, ಹಾಲಿಗೆಂದು ಹೊರಟ ಅಜ್ಜಿ ದಾಟಲಾರದೆ ನಿಂತಿರುವುದಾಗಲಿ ಅದರ ಲೆಕ್ಕಕ್ಕೆ ಸೇರಿದ್ದಲ್ಲ. ಗಂಟೆಗೆ 25 ಕಿಲೋಮೀಟರು ವೇಗದ ಕಾರು 50ಕ್ಕೆ ಏರಿದರೆ ಹೊಡೆತದ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು.

ಇದಕ್ಕೆ ನಮ್ಮವರು ಕಂಡುಕೊಂಡ ಮದ್ದು ರಸ್ತೆಯುಬ್ಬು. ಭಾರತೀಯ ರಸ್ತೆ ಕಾಂಗ್ರೆಸ್ಸಿನ 1988ರ ನಿಯಮದಂತೆ ಉಬ್ಬು 3.7 ಮೀಟರು ಅಗಲ, 10 ಸೆಂಟಿಮೀಟರು ಎತ್ತರ ಇರಬೇಕಾಗಿತ್ತು. ನಮ್ಮ ಬೀದಿಗಳಲ್ಲಿ ರಾತ್ರೋರಾತ್ರಿ ಏಳುವ ಉಬ್ಬುಗಳಾದರೋ ಬೆನ್ನುಮೂಳೆಯ ಪರೀಕ್ಷೆಗೆಂದೇ ಹುಟ್ಟಿದವು! ಬಸುರಿಯನ್ನು ಕರೆದೊಯ್ಯುವ ಆಟೋವನ್ನು ಅವು ಕುಲುಕಿಸುತ್ತವೆಯೇ ಹೊರತು ನುಸುಳುವವನ ಮನಸ್ಸನ್ನು ತಿರುಗಿಸವು.

ಕೆಲವೆಡೆ ಗೇಟು ಹಾಕಿ ಕಾವಲುಗಾರನನ್ನು ಕೂರಿಸುವುದುಂಟು. ಇದು ನನಗೆ ಸಮ್ಮತವಲ್ಲ. ಬೀದಿ ಊರಿನ ಸೊತ್ತು. ಸೊಪ್ಪಿನವಳನ್ನೂ ಶಾಲೆಯ ಹುಡುಗನನ್ನೂ ತಡೆದು ನಿಲ್ಲಿಸಲು ನಾವಾರು? ಮೇಲಾಗಿ, ಒಂದು ಕ್ರಾಸನ್ನು ಮುಚ್ಚಿದರೆ ಪ್ರವಾಹ ಪಕ್ಕದ ಕ್ರಾಸಿಗೆ ಹರಿಯುತ್ತದೆ. ನಮ್ಮ ಬೀದಿಯಲ್ಲಿ ಅನ್ಯರು ನುಗ್ಗಿದರೆ ಉಪದ್ರವ, ಅನ್ಯರ ಬೀದಿಯಲ್ಲಿ ನಮ್ಮ ಮಗ ನುಗ್ಗಿದರೆ ಜಾಣತನ!

1963ರಲ್ಲಿ ಕಾಲಿನ್ ಬುಕಾನನ್ ಎಂಬವರು ಬ್ರಿಟನ್ ಸರ್ಕಾರಕ್ಕೊಪ್ಪಿಸಿದ ವರದಿಯಲ್ಲಿ ನಗರವನ್ನು ಕಟ್ಟಡಕ್ಕೆ ಹೋಲಿಸಿದರು: ಓಡಾಡಲು ಓಣಿಗಳು ಬೇರೆ, ಬಾಳಲು ಕೋಣೆಗಳು ಬೇರೆ. ಬಾರ್ಸಿಲೋನ ನಗರವೂ ನಮ್ಮಂತೆ ಚೌಕಗಳ ಊರೇ. ಅಲ್ಲಿ 2016ರಲ್ಲಿ ಪೊಬ್ಲೆನೊವ್ ಭಾಗದ ಒಂಬತ್ತು ಚೌಕಗಳನ್ನು ಒಂದಾಗಿ ಹಿಡಿದರು. ಹಾದುಹೋಗುವ ವಾಹನಗಳಿಗೆ ಸುತ್ತಣ ರಸ್ತೆಗಳು. ನಿವಾಸಿಗಳ ಕಾರು ಒಳಬರಬಹುದು, ಆದರೆ ಅಡ್ಡಹಾಯದೆ ಸುತ್ತಿ ಹೊರಬೀಳಬೇಕು. ಮೊದಮೊದಲು ಅಲ್ಲಿಯೂ ಪ್ರತಿಭಟನೆಗಳಾದವು.

ನಮ್ಮಲ್ಲೂ ಇಡೀ ಬಡಾವಣೆಯನ್ನು ಒಟ್ಟಿಗೆ ಗಮನಿಸಿ, ಆಯ್ದ ಮೂಲೆಗಳಲ್ಲಿ ಕಂಬಗಳನ್ನು ನಿಲ್ಲಿಸಬಹುದು. ನಡುವೆ ಸೈಕಲ್ಲೂ ತಳ್ಳುಗಾಡಿಯೂ ಹಾಯುವಷ್ಟು ಎಡೆಯಿರಲಿ, ಆಂಬುಲೆನ್ಸಿಗಾಗಿ ಒಂದು ಕಂಬ ಕಳಚುವಂತಿರಲಿ. ಮೇನ್ ರೋಡಿನ ಮನೆಯವರೂ ಮನುಷ್ಯರೇ. ಅವರ ಹೊರೆ ಇಳಿಸಲು ಬಸ್ಸುಗಳು ಹೆಚ್ಚಬೇಕು. ಆಗ ನಮ್ಮ ಸ್ವಂತ ಕಾರೂ ಮನೆ ಸೇರಲು ಒಂದು ಸುತ್ತು ಹೆಚ್ಚು ಹಾಕಬೇಕಾದೀತು. ನಗರಸಭೆಗೆ ಅರ್ಜಿ ಬರೆಯುವ ಮೊದಲು, ಇದಕ್ಕೆ ಒಪ್ಪಿಗೆಯೇ ಎಂದು ಮನೆಮಂದಿಯನ್ನು ಕೇಳಿ ನೋಡಿ.