ಬೆಟ್ಟದ ನೆತ್ತಿಯ ದಾಸೋಹ



ಲಿಂಗೈಕ್ಯರಾದ ಹಿರಿಯರ ಹೆಸರಿನಲ್ಲಿ ಏನನ್ನಾದರೂ ಮಾಡಬೇಕೆಂಬ ಹಂಬಲ ನಮ್ಮ ಮನೆಮನೆಗಳಲ್ಲಿಯೂ ಉಂಟು. ಗದ್ದುಗೆ ಕಟ್ಟಿಸುವವರುಂಟು, ಮಹಾದ್ವಾರ ನಿಲ್ಲಿಸಿ ಹೆಸರು ಕೆತ್ತಿಸುವವರುಂಟು. ಹಂಬಲ ತಪ್ಪಲ್ಲ. ಆದರೆ ಹಣ ಕೊಡುವ ಮುನ್ನ ಅದು ಯಾರ ಉಪಯೋಗಕ್ಕೆ ಸಲ್ಲುವುದೆಂದು ಕೇಳಿಕೊಳ್ಳುವ ರೂಢಿ ನಮ್ಮಲ್ಲಿ ಕಡಿಮೆ. ಈ ಮಾತಿಗೆ ದೂರದ ನಿದರ್ಶನವೊಂದನ್ನು ಈ ಸಲ ನಿಮ್ಮ ಮುಂದಿಡುತ್ತೇವೆ.

ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ಸ್ಯಾನ್ ಹೋಸೆ ನಗರದ ಪೂರ್ವಕ್ಕೆ ಹ್ಯಾಮಿಲ್ಟನ್ ಎಂಬ ಬೆಟ್ಟವಿದೆ. ಉದ್ಯೋಗ ನಿಮಿತ್ತ ಆ ಕಣಿವೆಯಲ್ಲಿ ನೆಲೆಸಿರುವ ಅನೇಕ ಕನ್ನಡ ಕುಟುಂಬಗಳಿಗೆ ಅದರ ನೆತ್ತಿಯ ಬಿಳಿಯ ಗುಮ್ಮಟ ಪರಿಚಿತವಾದುದೇ. ಅದು ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯಕ್ಕೆ ಸೇರಿದ ಲಿಕ್ ಖಗೋಳ ವೀಕ್ಷಣಾಲಯ.

ಇದನ್ನು ಕಟ್ಟಿಸಿದ ಜೇಮ್ಸ್ ಲಿಕ್ ಅವರು 1796ರಲ್ಲಿ ಪೆನ್ಸಿಲ್ವೇನಿಯದ ಬಡಗಿಯೊಬ್ಬರ ಮಗನಾಗಿ ಜನಿಸಿದರು. ಮರಗೆಲಸ ಕಲಿತು, ದಕ್ಷಿಣ ಅಮೆರಿಕದಲ್ಲಿ ಪಿಯಾನೋ ವಾದ್ಯಗಳನ್ನು ತಯಾರಿಸಿ ಗಳಿಸಿದರು. 1848ರ ಆರಂಭದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸೇರಿ ಭೂಮಿ ಕೊಂಡರು. ಅದೇ ಸಮಯಕ್ಕೆ ಆ ಸೀಮೆಯಲ್ಲಿ ಚಿನ್ನ ದೊರೆತು ಅವರ ಭೂಮಿ ಬಂಗಾರದ ಬೆಲೆಯದಾಯಿತು. ಮುಪ್ಪಿನಲ್ಲಿ ಅವರಿಗೆ ಹೆಸರು ಉಳಿಸಿಕೊಳ್ಳುವ ಆಸೆ ಹುಟ್ಟಿತು. ಮೊದಲು ತಮ್ಮ ಮತ್ತು ತಂದೆತಾಯಿಗಳ ಭಾರಿ ಪ್ರತಿಮೆಗಳನ್ನು ಯೋಚಿಸಿದರು. ಬಳಿಕ ಈಜಿಪ್ಟಿನದಕ್ಕಿಂತ ದೊಡ್ಡ ಪಿರಮಿಡ್ಡನ್ನು. ಆಗ ವಿಜ್ಞಾನಿ ಜಾರ್ಜ್ ಡೇವಿಡ್‌ಸನ್ ಅವರು ಬುದ್ಧಿ ಹೇಳಿ, ಆ ಹಣವನ್ನು ದೂರದರ್ಶಕಕ್ಕೆ ತಿರುಗಿಸಿದರು. ಲಿಕ್ ಅವರು ಏಳು ಲಕ್ಷ ಡಾಲರುಗಳನ್ನು ತೆಗೆದಿಟ್ಟು 1876ರಲ್ಲಿ ತೀರಿಕೊಂಡರು. 1888ರಲ್ಲಿ 36 ಅಂಗುಲ ಮಸೂರದ ದೂರದರ್ಶಕ ಸಿದ್ಧವಾಗಿ ವಿಶ್ವವಿದ್ಯಾಲಯದ ಕೈಸೇರಿತು. ಅಂದು ಜಗತ್ತಿನಲ್ಲಿ ಅದಕ್ಕಿಂತ ದೊಡ್ಡ ಮಸೂರದ ದೂರದರ್ಶಕವಿರಲಿಲ್ಲ. ಅದನ್ನು ಹೊತ್ತ ಕಂಬದ ಬುಡದಲ್ಲಿಯೇ ದಾನಿಯ ಸಮಾಧಿಯಿದೆ. ಅವರು ಮಾತ್ರ ಅದರಲ್ಲಿ ಒಮ್ಮೆಯೂ ನೋಡಲಿಲ್ಲ.

ನೋಡಿದವರು ಯಾರು? ಆರಂಭದ ವರ್ಷಗಳಲ್ಲಿಯೇ ಶನಿವಾರದ ರಾತ್ರಿ ಅದರ ಬಾಗಿಲು ಸಾರ್ವಜನಿಕರಿಗೆ ತೆರೆದಿತ್ತು. ಜನರು ಕುದುರೆಗಾಡಿಗಳಲ್ಲಿ ಬೆಟ್ಟವೇರಿ, ಸರದಿಯಲ್ಲಿ ನಿಂತು ಆಕಾಶವನ್ನು ನೋಡಿದರು. ವಿಶ್ವವಿದ್ಯಾಲಯದ ಎಷ್ಟೋ ತಲೆಮಾರಿನ ವಿದ್ಯಾರ್ಥಿಗಳು ಅಲ್ಲಿ ಕಲಿತರು. ಎಡ್ವರ್ಡ್ ಬರ್ನಾರ್ಡ್ ಎಂಬವರ ಕಥೆಯಂತೂ ಕಾಯಕನಿಷ್ಠರಿಗೆ ಪ್ರಿಯವಾದುದು. ಹುಟ್ಟುವ ಮೊದಲೇ ತಂದೆಯನ್ನು ಕಳೆದುಕೊಂಡು, ಒಂಬತ್ತನೆಯ ವಯಸ್ಸಿಗೇ ಛಾಯಾಚಿತ್ರದ ಅಂಗಡಿಯಲ್ಲಿ ದುಡಿಯಲು ನಿಂತ ಬಡ ಹುಡುಗ ಅವರು. ಅದೇ ಬರ್ನಾರ್ಡ್ 1892ರ ಸೆಪ್ಟೆಂಬರ್ 9ರ ರಾತ್ರಿ ಇದೇ ದೂರದರ್ಶಕದಲ್ಲಿ ಗುರುಗ್ರಹದ ಐದನೆಯ ಉಪಗ್ರಹವನ್ನು ಕಂಡರು. ಗೆಲಿಲಿಯೋ 1610ರಲ್ಲಿ ನಾಲ್ಕನ್ನು ಕಂಡ ಮೇಲೆ ಅಲ್ಲಿಯವರೆಗೆ ಬೇರಾವುದೂ ಯಾರಿಗೂ ಕಂಡಿರಲಿಲ್ಲ.

ಪಿರಮಿಡ್ಡು ಎದ್ದಿದ್ದರೆ ಅದು ಬರಿಯ ಸ್ಥಾವರವಾಗಿ ನಿಲ್ಲುತ್ತಿತ್ತು. ನೋಡುವ ಕಣ್ಣು, ಕಲಿಯುವ ಬುದ್ಧಿ ಜಂಗಮ. ಶರಣರು ನಮಗೆ ತಿಳಿಸಿಕೊಟ್ಟ ಭೇದ ಇದೇ ಅಲ್ಲವೆ? ಲಿಕ್ ಅವರು ಹೆಸರಿನ ಆಸೆಯನ್ನು ಪೂರ್ತಿ ಬಿಟ್ಟವರಲ್ಲ. ‘ನಾನು ಕೊಟ್ಟೆ’ ಎಂಬ ಭಾವವಳಿದ ದಾಸೋಹ ಅದಾಗಿರಲಿಲ್ಲ. ಆದರೂ ದಾನ ಸರಿದಾರಿ ಹಿಡಿಯಿತು. ಏಕೆಂದರೆ ಹೊತ್ತಿಗೆ ಸರಿಯಾಗಿ ಬುದ್ಧಿಮಾತು ಹೇಳುವವರೊಬ್ಬರಿದ್ದರು, ಕೇಳುವ ಮನಸ್ಸೂ ಅವರಿಗಿತ್ತು.

ನಮ್ಮಲ್ಲಿ ಇಂತಹ ದಾರಿ ಇಲ್ಲವೆಂದಲ್ಲ. 1904ರಲ್ಲಿ ವೀರಶೈವ ಮಹಾಸಭೆಯ ಮೊದಲ ಅಧಿವೇಶನದ ಅಧ್ಯಕ್ಷರಾಗಿದ್ದ ತ್ಯಾಗವೀರ ಸಿರಸಂಗಿ ಲಿಂಗರಾಜರು ತಮ್ಮ ಆಸ್ತಿಯನ್ನು ಮೃತ್ಯುಪತ್ರದ ಮೂಲಕ ವಿದ್ಯೆಗೆ ಮೀಸಲಿಟ್ಟು 1906ರಲ್ಲಿ ಲಿಂಗೈಕ್ಯರಾದರು. ಅವರ ಹೆಸರನ್ನು ಕಲ್ಲಿಗಿಂತ ಹೆಚ್ಚಾಗಿ ಓದಿ ಮುಂದೆ ಬಂದ ಮಕ್ಕಳೇ ಉಳಿಸಿದ್ದಾರೆ.

ಆದುದರಿಂದ ನಮ್ಮ ಬಿನ್ನಹ ಇಷ್ಟೆ. ಮುಂದಿನ ಪುಣ್ಯಸ್ಮರಣೆಗೆ ಕಲ್ಲಿನ ಬೆಲೆ ವಿಚಾರಿಸುವ ಮುನ್ನ ಊರಿನ ಶಾಲೆಯ ಗುರುಗಳನ್ನು ಒಮ್ಮೆ ವಿಚಾರಿಸಿರಿ. ಒಂದು ಚಿಕ್ಕ ದೂರದರ್ಶಕ ಸಾಕು. ಊರ ಮಕ್ಕಳೆಲ್ಲ ಒಂದೇ ಸಾಲಿನಲ್ಲಿ ನಿಂತು ಚಂದ್ರನ ಕುಳಿಗಳನ್ನು ಕಂಡಾರು. ಮನೆಯ ಹಿರಿಯರು ಯಾವುದೋ ಕಟ್ಟಡದ ಕನಸು ಕಾಣುತ್ತಿದ್ದರೆ, ಕಿರಿಯರಾದವರು ವಿನಯದಿಂದ ಬಳಿ ಕುಳಿತು ಈ ಬೆಟ್ಟದ ಕಥೆಯನ್ನು ಹೇಳಿರಿ.