ಜನ್ಮಜಾತವೇ ಬೇರೆ, ಆನುವಂಶಿಕವೇ ಬೇರೆ

ವೈದ್ಯಕೀಯ ಶಿಬಿರದಿಂದ ಮಗುವನ್ನು ಎತ್ತಿಕೊಂಡು ಹೊರಬರುವ ತಾಯಿಯ ಕೈಯಲ್ಲಿ ಒಂದು ಚೀಟಿ ಇರುತ್ತದೆ. ‘ಕಂಜೆನಿಟಲ್’ ಎಂದು ಅದರಲ್ಲಿ ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಏನೆಂದು ಕೇಳಿದರೆ ಮಲಯಾಳದಲ್ಲಿ ಎರಡು ಮಾತಿನ ಉತ್ತರ. ಊರಿಗೆ ಬಂದ ಮೇಲೆ ಓದುಬಲ್ಲ ನೆರೆಯವರು ‘ಹುಟ್ಟಿನಿಂದಲೇ ಬಂದದ್ದಂತೆ’ ಎಂದು ತಿಳಿಸುತ್ತಾರೆ. ಕೇಳುವವರ ಕಿವಿಯಲ್ಲಿ ಅದು ‘ವಂಶದಿಂದ ಬಂದದ್ದು’ ಎಂದಾಗಿಬಿಡುತ್ತದೆ. ತಾಯಿಯ ತವರಿನಲ್ಲಿ ಯಾರಿಗಿತ್ತು, ತಂದೆಯ ಕುಟುಂಬದಲ್ಲಿ ಯಾರಿಗಿತ್ತು ಎಂಬ ವಿಚಾರಣೆ ಆರಂಭವಾಗುತ್ತದೆ. ಮಗುವಿನ ಅಕ್ಕನಿಗೆ ಬಂದ ಸಂಬಂಧ ತಪ್ಪಿಹೋಗುತ್ತದೆ.

ಒಂದು ಶಬ್ದದ ಅರ್ಥ ತಪ್ಪಿದುದರಿಂದ ಇಷ್ಟೆಲ್ಲ ಆಗುತ್ತದೆಯೆಂದರೆ ಆ ಶಬ್ದವನ್ನು ಸರಿಯಾಗಿ ತಿಳಿದುಕೊಳ್ಳುವುದು ಅಗತ್ಯ. ಕಂಜೆನಿಟಲ್, ಅಂದರೆ ಜನ್ಮಜಾತ: ಮಗು ಹುಟ್ಟುವಾಗಲೇ ಇದ್ದ ನ್ಯೂನತೆ ಎಂದಷ್ಟೇ ಅದರ ಅರ್ಥ. ಯಾಕೆ ಬಂತೆಂದು ಆ ಶಬ್ದ ಹೇಳುವುದಿಲ್ಲ. ತಂದೆತಾಯಿಯರ ಬೀಜಗುಣದ ಮೂಲಕ ಇಳಿದು ಬರುವುದು ಆನುವಂಶಿಕ. ಕೆಲವು ಕಾಯಿಲೆಗಳು ಎರಡೂ ಆಗಿರಬಹುದು, ಎಲ್ಲವೂ ಅಲ್ಲ. ಬಸುರಿಗೆ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ಜ್ವರ ತಗಲಿದರೆ ಮಗುವಿನ ಕಣ್ಣು, ಕಿವಿ, ಹೃದಯ ಕೆಡಬಹುದು. 1950ರ ದಶಕದ ಕೊನೆಯಲ್ಲಿ ಯುರೋಪಿನಲ್ಲಿ ಥಾಲಿಡೊಮೈಡ್ ಎಂಬ ಮಾತ್ರೆ ನುಂಗಿದ ಬಸುರಿಯರಿಗೆ ಕೈಕಾಲು ಬೆಳೆಯದ ಸಾವಿರಾರು ಮಕ್ಕಳು ಹುಟ್ಟಿದರು. ಇವೆಲ್ಲ ಜನ್ಮಜಾತ, ವಂಶದ ದೋಷ ಇವುಗಳಲ್ಲಿ ಇಲ್ಲ. ಇದಕ್ಕೆ ತಿರುಗುಮುರುಗಾಗಿ, ಹಂಟಿಂಗ್ಟನ್ ಎಂಬ ನರರೋಗ ವಂಶದಿಂದಲೇ ಬರುವಂಥದು. ಆದರೆ ಸಾಮಾನ್ಯವಾಗಿ ನಡುವಯಸ್ಸಿನವರೆಗೂ ಅದರ ಸುಳಿವಿರುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಇದು ಬರಿಯ ನಿಘಂಟಿನ ಮಾತಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಸರಕಾರಿ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಕಾರಡ್ಕ, ಮುಳಿಯಾರುಗಳಲ್ಲಿ ಮಕ್ಕಳು ನ್ಯೂನತೆಗಳೊಂದಿಗೆ ಹುಟ್ಟಿದಾಗ ನಾಗದೋಷವೆಂದರು, ದೈವದ ಮುನಿಸೆಂದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು 2001ರಲ್ಲಿ ಬಂದು ಪಡ್ರೆಯ ಮಕ್ಕಳನ್ನು ಮೀಂಜದ ಮಕ್ಕಳೊಂದಿಗೆ ಹೋಲಿಸಿ ನೋಡಿದ ಮೇಲೆ ದೋಷ ಎಲ್ಲಿಯದೆಂಬ ಮಾತಿಗೆ ಬೇರೆಯೇ ದಿಕ್ಕು ಬಂತು. ಪ್ರತಿಯೊಂದು ಮಗುವಿನ ಕಾಯಿಲೆಗೂ ಎಂಡೋಸಲ್ಫಾನೇ ಕಾರಣವೆಂದು ನಾವು ಹೇಳುತ್ತಿಲ್ಲ. ಅದನ್ನು ನಿರ್ಣಯಿಸಬೇಕಾದವರು ವೈದ್ಯರು. ಆದರೆ ತಪಾಸಣೆಯೇ ಇಲ್ಲದೆ ತಾಯಿಯ ತಲೆಗೆ ಅಪವಾದ ಕಟ್ಟುವುದು ಅನ್ಯಾಯ.

ನಮ್ಮ ಆಡುಮಾತೂ ಈ ವಿಷಯದಲ್ಲಿ ನಮಗೆ ಮೋಸ ಮಾಡಿತು. ಜ್ವರಕ್ಕೆ ಕೊಡುವುದೂ ಮದ್ದು, ಅಡಿಕೆಗೆ ಬಿಡುವುದೂ ಮದ್ದು. ‘ಗೇರಿಗೆ ಮದ್ದು ಬಿಡುತ್ತಾರೆ’ ಎಂದಾಗ ಯಾರು ತಾನೇ ಬಾವಿ ಮುಚ್ಚಲು ಓಡುತ್ತಾರೆ? ವಿಷ ಎಂದಿದ್ದರೆ ಓಡುತ್ತಿದ್ದರೇನೋ. ತಿಳಿದವರು ಬಳಸಿದ ಶಬ್ದಗಳೂ ಇದಕ್ಕಿಂತ ಮೇಲೇನೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಎಂಡೋಸಲ್ಫಾನ್ ‘ಮಧ್ಯಮ ಅಪಾಯಕಾರಿ’ ಎಂಬ ವರ್ಗದಲ್ಲಿತ್ತು. ಈ ‘ಮಧ್ಯಮ’ವನ್ನು ಅಳೆಯುವುದು ಎಲ್.ಡಿ. 50 ಎಂಬ ಅಳತೆಯಿಂದ; ಪ್ರಯೋಗದ ಪ್ರಾಣಿಗಳಲ್ಲಿ ಅರ್ಧದಷ್ಟನ್ನು ಕೊಲ್ಲಲು ದೇಹತೂಕದ ಕಿಲೋ ಒಂದಕ್ಕೆ ಎಷ್ಟು ಮಿಲಿಗ್ರಾಂ ಬೇಕೆಂಬ ಲೆಕ್ಕ ಅದು. ಒಮ್ಮೆ ನುಂಗಿದರೆ ಸಾಯುವರೇ ಎಂಬುದಕ್ಕೆ ಅದರಲ್ಲಿ ಉತ್ತರವಿದೆ. ಇಪ್ಪತ್ತು ವರ್ಷ ಸ್ವಲ್ಪಸ್ವಲ್ಪವಾಗಿ ಗಾಳಿ, ನೀರಿನಲ್ಲಿ ಒಳಹೋದರೆ ಏನಾದೀತೆಂಬುದಕ್ಕೆ ಇಲ್ಲ. 2011ರಲ್ಲಿ ಜಿನೀವಾದಲ್ಲಿ ಸೇರಿದ ರಾಷ್ಟ್ರಗಳು ಇದನ್ನು ಬೇಗನೆ ನಶಿಸದೆ ದೇಹದಲ್ಲಿ ಶೇಖರವಾಗುವ ವಿಷಗಳ ಪಟ್ಟಿಗೆ ಸೇರಿಸಿದುವು. ಅದೇ ವರ್ಷ ಸುಪ್ರೀಂ ಕೋರ್ಟು ನಿಷೇಧ ಹೇರಿತು. 2017ರಲ್ಲಿ ಅದು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆಜ್ಞಾಪಿಸಿತು. ಯಾರು ಸಂತ್ರಸ್ತರು? ಅದೂ ಒಂದು ವ್ಯಾಖ್ಯೆಯ ಪ್ರಶ್ನೆಯೇ. ಅದನ್ನು ತೀರ್ಮಾನಿಸುವ ಕಾಗದಪತ್ರಗಳನ್ನು ನಮ್ಮವರು ಓದಲಾರರು.

ಪಾರಿಭಾಷಿಕ ಶಬ್ದಗಳಿಗೆ ಬಾಯಿ ತಿರುಗದ ಸಂಸ್ಕೃತ ಪದಗಳನ್ನು ಕಟ್ಟಿಕೊಟ್ಟರೆ ಉಪಯೋಗವಿಲ್ಲ. ಈ ತಪ್ಪನ್ನು ನಮ್ಮ ಪತ್ರಿಕೆಯೂ ಮಾಡಿದೆ. ಜನ್ಮಜಾತ, ಆನುವಂಶಿಕಗಳನ್ನು ಒಂದರ ಬದಲು ಇನ್ನೊಂದು ಬರೆದುದೂ ಉಂಟು. ‘ಸೆರೆಬ್ರಲ್ ಪಾಲ್ಸಿ’ ಎಂಬ ಹೆಸರು ಹಾಗೆಯೇ ಇರಲಿ. ಬೆಳೆಯುತ್ತಿರುವ ಮೆದುಳಿಗೆ ಪೆಟ್ಟಾಗಿ ಕೈಕಾಲಿನ ಹಿಡಿತ ತಪ್ಪಿದೆ, ಬುದ್ಧಿ ಸರಿಯಾಗಿಯೇ ಇರಬಹುದು ಎಂದು ಕೆಳಗೆ ಎರಡು ಸಾಲು ಕನ್ನಡದಲ್ಲಿ ಇದ್ದರೆ ಸಾಕು. ಆ ಎರಡು ಸಾಲಿನಿಂದ ಒಂದು ಮಗು ಶಾಲೆಯ ಮೆಟ್ಟಿಲು ಹತ್ತಬಹುದು.

ಇದು ದಾನ ಕೇಳುವ ಮಾತಲ್ಲ. ಕೇರಳದ 1969ರ ಅಧಿಕೃತ ಭಾಷಾ ಕಾನೂನು ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಂದಿಗೆ ಕನ್ನಡದಲ್ಲಿ ವ್ಯವಹರಿಸಿ ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು ಕೊಟ್ಟಿದೆ. ಶಿಬಿರಗಳಲ್ಲಿ ಕನ್ನಡ ಬಲ್ಲವರೊಬ್ಬರನ್ನು ಕುಳ್ಳಿರಿಸುವುದು, ಚೀಟಿಯ ಹಿಂಬದಿಯಲ್ಲಿ ಅರ್ಥ ಅಚ್ಚುಹಾಕಿಸುವುದು ಆರೋಗ್ಯ ಇಲಾಖೆಗೆ ದೊಡ್ಡ ಖರ್ಚಿನ ಕೆಲಸವಲ್ಲ. ಅದಾಗುವವರೆಗೆ ಕಾಯಬೇಕಾಗಿಯೂ ಇಲ್ಲ. ‘ಈ ಚೀಟಿಯಲ್ಲಿ ಬರೆದುದರ ಅರ್ಥವನ್ನು ಕನ್ನಡದಲ್ಲಿ ತಿಳಿಸಬೇಕು’ ಎಂದು ಅರ್ಜಿ ಬರೆದು, ಒಂದು ಪ್ರತಿಯನ್ನು ತಮ್ಮಲ್ಲೇ ಇಟ್ಟುಕೊಂಡು, ಕಚೇರಿಯಿಂದ ರಶೀದಿ ಪಡೆಯಿರಿ. ಬರೆಯಲು ಬಾರದವರಿಗೆ ಊರಿನ ಕನ್ನಡ ಶಾಲೆಯ ಮಾಸ್ತರರು ಬರೆದುಕೊಡಲಿ.